ಒಂಬತ್ತರಿಂದ ಒಂದರವರೆಗೆ

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು ಇದೇ ಅಕ್ಕ," ಎಂದ ತಮ್ಮ, ಕಾಗದದ ಮೇಲೆ ಪೆನ್ನು ಕುಟ್ಟುತ್ತ. ಬಸ್ ಕಂಡಕ್ಟರ್. ಇಪ್ಪತ್ತು ವರ್ಷದಲ್ಲಿ ಚಿಲ್ಲರೆ ಲೆಕ್ಕ ತಪ್ಪದವನು ಅಕ್ಕನ ಮನೆ ಲೆಕ್ಕ ತಪ್ಪುತ್ತಾನೆಯೇ? "ಆರು ಲಕ್ಷ ಸಾಲ. ಮಗಳ ಓದು ಮೂರು ವರ್ಷ. ಆಮೇಲೆ ತಿಂಗಳಿಗೆ ಎಂಟು ಸಾವಿರ ಕಂತು, ಹತ್ತು ವರ್ಷ. ಸಮಾಜಶಾಸ್ತ್ರ ಓದಿದೋರು ಇಬ್ರು ನನ್ ಜೊತೇಲೇ ಟಿಕೆಟ್ ಹರೀತಿದಾರೆ. ಇವಳು ಕಟ್ಟದೇ ಹೋದ್ರೆ ಜಾಮೀನು ಹಾಕಿದ ನಿನ್ನ ಸಂಬಳಕ್ಕೆ ಕೈ ಹಾಕ್ತಾರೆ. ಕಂತು ಮುಗಿಯೋ ಹೊತ್ತಿಗೆ ನಿಂಗೆ ಅರವತ್ತೈದು."

ದೊಡ್ಡ ಹೋಟೆಲೊಂದರ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ಅಕ್ಕನದು. ಅಲ್ಲಿಯ ಹದಿನೈದು ಹೆಂಗಸರಿಗೂ ಅವಳು ಅಕ್ಕನೇ. ನಿಂತೂ ನಿಂತೂ ಮಂಡಿ ಸವೆದಿತ್ತು. ಇನ್ನು ನಾಲ್ಕು ವರ್ಷಕ್ಕೆ ಇಸ್ತ್ರಿಪೆಟ್ಟಿಗೆಗೊಂದು ದೊಡ್ಡ ನಮಸ್ಕಾರ ಹಾಕಿ ಮನೆಯಲ್ಲಿ ಕೂರಬೇಕೆಂದುಕೊಂಡಿದ್ದಳು.

"ನಮ್ಮ ಡಿಪೋ ಆಫೀಸಲ್ಲಿ ಒಂದು ಕೆಲಸ ಖಾಲಿ ಇದೆ. ನಾನು ಹೇಳಿದ್ರೆ ಅವಳಿಗೆ ಸಿಗುತ್ತೆ. ನೋಡು, ನಿನ್ನ ಮಗಳು, ನಿನ್ನಿಷ್ಟ," ಎಂದು ಚೀಲ ಹೆಗಲಿಗೇರಿಸಿ ಅವನು ಡ್ಯೂಟಿಗೆ ಹೊರಟ.

ಮಗಳು ಸಾಲದ ಅರ್ಜಿಗೆ ಫೋಟೊ ತೆಗೆಸಲು ಹೋಗಿದ್ದಳು. ಬ್ಯಾಂಕಿಗೆ ನಾಳೆಯೇ ಕಡೆಯ ದಿನ. ಸಹಿ ಎಲ್ಲೆಲ್ಲಿ ಹಾಕಬೇಕೋ ನೋಡೋಣವೆಂದು ಅಕ್ಕ ಅರ್ಜಿ ಬಿಡಿಸಿದರೆ, ಹಿಂದೆ ಎರಡು ಹಾಳೆ ಪಿನ್ನು ಮಾಡಿದ್ದವು. ನೀವು ಕಂಡ ಕೆಲಸದ ಜಾಗವೊಂದರ ಬಗ್ಗೆ ಬರೆಯಿರಿ ಎಂದು ಕಾಲೇಜು ಕೇಳಿತ್ತಂತೆ. ಈ ಬರಹ ನೋಡಿಯೇ ಸೀಟು ಕೊಟ್ಟಿದ್ದರು. ರಜೆಯಲ್ಲಿ ಎರಡು ವಾರ ಹೋಟೆಲಿಗೆ ಬಟ್ಟೆ ಮಡಿಸಲು ಬಂದಿದ್ದ ಮಗಳು ಕೆಲಸ ಬಿಟ್ಟು ಒಬ್ಬೊಬ್ಬರ ಹತ್ತಿರವೂ ಹರಟೆಗೆ ನಿಲ್ಲುತ್ತಾಳೆಂದು ಅಕ್ಕ ಆಗ ಚೆನ್ನಾಗಿ ಬೈದಿದ್ದಳು.

"ಇಲ್ಲಿ ಹದಿನಾರು ಹೆಂಗಸರು," ಎಂದು ಶುರುವಾಗಿತ್ತು. "ಬಾಗಿಲ ಬಳಿ ನೀರಿನ ಡ್ರಮ್ ಇದೆ. ಎರಡು ವಾರವೂ ಒಂಬತ್ತರಿಂದ ಒಂದರವರೆಗೆ ಒಬ್ಬರೂ ನೀರು ಕುಡಿಯಲಿಲ್ಲ. ಕೇಳಿದರೆ ಹದಿನಾರು ಮಂದಿಯದೂ ಒಂದೇ ಮಾತು: ಬಾಯಾರಿಕೆಯೇ ಆಗುವುದಿಲ್ಲ. ಶೌಚಾಲಯ ಮೂರನೆಯ ಮಹಡಿಯಲ್ಲಿದೆ. ಹೋಗಿ ಬರಲು ಹನ್ನೊಂದು ನಿಮಿಷ ಬೇಕು. ಅಷ್ಟರಲ್ಲಿ ಆರು ಬೆಡ್‌ಶೀಟ್ ಇಸ್ತ್ರಿಯಾಗುತ್ತವೆ. ಮಧ್ಯಾಹ್ನ ಒಂದರೊಳಗೆ ರಾಶಿ ಮುಗಿಯದಿದ್ದರೆ ಅರ್ಧ ದಿನದ ಸಂಬಳವಿಲ್ಲ. ಇವರಲ್ಲೊಬ್ಬರು ನನ್ನ ಅಮ್ಮ. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಒಂದು ಚೊಂಬು ನೀರು ಗಟಗಟನೆ ಕುಡಿಯುತ್ತಾಳೆ."

ಮನೆಯ ಗುಟ್ಟನ್ನು ಊರಿಗೆಲ್ಲ ಸಾರಿದಳಲ್ಲ ಎಂದು ಅಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೆರಗು. ನಮ್ಮ ಹೆಂಗಸರು ಗಟ್ಟಿ, ಬಾಯಾರಿಕೆ ಅಂದರೇನೆಂದೇ ಗೊತ್ತಿಲ್ಲ ಎಂದು ಹೊಸಬರ ಮುಂದೆಲ್ಲ ಜಂಬ ಕೊಚ್ಚಿದವಳು ತಾನೇ. ಇಪ್ಪತ್ತೆರಡು ವರ್ಷ. ಕಣ್ಣೆದುರೇ ಇತ್ತು ಡ್ರಮ್ಮು.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ಸಾಲಿನುದ್ದಕ್ಕೂ ನೋಡಿದಳು. ಹಬೆಯೊಳಗೆ ಹದಿನೈದು ಬಗ್ಗಿದ ತಲೆಗಳು. ಒಬ್ಬಳು ನಾಲಿಗೆಯಿಂದ ತುಟಿ ಸವರಿಕೊಂಡಳು, ಆಮೇಲೆ ಪಕ್ಕದವಳು. ಯಾರಿಗೂ ಅದರ ಪರಿವೆಯಿಲ್ಲ. ದಿನಾ ಬಂದು ಹೋಗುವ ಜಾಗಕ್ಕೆ ಅಂದೇ ಮೊದಲು ಕಾಲಿಟ್ಟಂತೆ ಅಕ್ಕನಿಗೆ ಅನಿಸಿತು. ಹತ್ತೊಂಬತ್ತು ವರ್ಷದ ಹುಡುಗಿ ಇದನ್ನು ಹೇಗೆ ಕಂಡಳು?

ಆದರೂ ಅರವತ್ತೈದು ಅರವತ್ತೈದೇ. ಮಧ್ಯಾಹ್ನ ರಜೆ ಹಾಕಿ ಬ್ಯಾಂಕಿನ ಕೌಂಟರಿನ ಮುಂದೆ ಕೂತಾಗಲೂ ಅವಳ ಮನಸ್ಸು ತೂಗುತ್ತಲೇ ಇತ್ತು.

"ಮಗಳು ಕಟ್ಟದಿದ್ರೆ ನೀವೇ ಕಟ್ಬೇಕಮ್ಮಾ. ಗೊತ್ತಲ್ಲ?" ಎಂದಳು ಕೌಂಟರಿನ ಹುಡುಗಿ.

"ಗೊತ್ತು. ನನ್ ತಮ್ಮ ಲೆಕ್ಕ ಹಾಕಿಕೊಟ್ಟಿದಾನೆ. ಅದ್ರಲ್ಲೇನೂ ತಪ್ಪಿಲ್ಲ."

"ಈ ಸಮಾಜಶಾಸ್ತ್ರ ಓದಿ ಅವಳು ಏನು ಮಾಡ್ತಾಳೆ?"

ಅಕ್ಕ ತಿರುಗಿ ನೋಡಿದಳು. ಹಿಂದೆ ಬಾಗಿಲವರೆಗೂ ಜನರ ಸಾಲು. ಹುಡುಗಿಯ ಮೇಜಿನ ಮೇಲೆ ನೀರಿನ ಬಾಟಲಿ ಇತ್ತು, ಕಂಠದವರೆಗೂ ತುಂಬಿತ್ತು. ಗೋಡೆ ಗಡಿಯಾರದಲ್ಲಿ ಎರಡೂವರೆ.

"ಮೇಡಂ, ಬೆಳಗ್ಗೆಯಿಂದ ನೀವು ನೀರು ಕುಡಿದೇ ಇಲ್ವಾ?"

ಹುಡುಗಿ ಬಾಟಲಿಯತ್ತ ನೋಡಿದಳು, ಸಾಲಿನತ್ತ ನೋಡಿದಳು.

"ನಂಗೆ ಬಾಯಾರಿಕೆನೇ ಆಗಲ್ಲಮ್ಮಾ," ಎಂದು ನಕ್ಕಳು.

ಅಕ್ಕ ಅರ್ಜಿಯನ್ನು ಹತ್ತಿರಕ್ಕೆಳೆದುಕೊಂಡು ಮೂರು ಕಡೆಯೂ ಸಹಿ ಹಾಕಿದಳು.