ಬೋರಲು ತಂಬಿಗೆ

ನಮ್ಮ ಹಿತ್ತಲ ಬೇಲಿಯ ಗೂಟದ ಮೇಲೆ ವರ್ಷಕ್ಕೊಮ್ಮೆ ಒಂದು ತಾಮ್ರದ ತಂಬಿಗೆ ಬೋರಲು ಕೂರುತ್ತಿತ್ತು. ಅದನ್ನು ಹಾಗೆ ಕೂರಿಸುತ್ತಿದ್ದವಳು ನನ್ನ ಹೆಂಡತಿ ರಾಜಮ್ಮಣ್ಣಿ. ದೀಪಾವಳಿಯ ಹಣತೆಗಳನ್ನು ತೊಳೆದಿಟ್ಟ ಮಾರನೆಯ ದಿನವೇ ಆ ಕೆಲಸ. ಗೂಟದ ಪಕ್ಕದ ಮಲ್ಲಿಗೆ ಗಿಡಕ್ಕೆ ಇನ್ನು ಸಂಕ್ರಾಂತಿಯವರೆಗೆ ನೀರಿಲ್ಲ ಎಂಬುದಕ್ಕೆ ಅದೇ ಡಂಗುರ. ನಡುವೆ ಒಂದು ದಿನ ಎಲೆಗಳನ್ನೆಲ್ಲ ಸವರಿ, ಕೊಂಬೆಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿಬಿಡುತ್ತಿದ್ದಳು. ಚಳಿಯಲ್ಲಿ ಬೋಳಾಗಿ ನಿಂತ ಆ ಕಡ್ಡಿಗಳನ್ನು ಕಂಡು ನಾನು ಮರುಗಿದರೆ, "ಈಗ ಅಯ್ಯೋ ಪಾಪ ಅಂದ್ರೆ ಎಲೆ ಬರುತ್ತೆ, ಹೂ ಬರಲ್ಲ. ಸುಮ್ನಿರಿ," ಎನ್ನುತ್ತಿದ್ದಳು. ಚೈತ್ರ ಬಂದಾಗ ಗಿಡವೇ ಅವಳ ಪರವಾಗಿ ಉತ್ತರ ಹೇಳುತ್ತಿತ್ತು.

ಅಂಥದೊಂದು ಚೈತ್ರದಲ್ಲಿ, ಗಿಡ ಮೈತುಂಬ ಹೂವಾಗಿದ್ದಾಗಲೇ, ಮೂರು ದಿನದ ಜ್ವರದಲ್ಲಿ ಅವಳು ತೀರಿಕೊಂಡಳು. ಮನೆಯಲ್ಲಿ ಉಳಿದವರು ನಾನು ಮತ್ತು ಅವಳ ತಂದೆ ಅಪ್ಪಾಜಯ್ಯ.

ಅಪ್ಪಾಜಯ್ಯ ಊರಿನ ಹಳೆಯ ಟೈಲರು. ಮನೆ ಅವರದು, ನಾನು ಮದುವೆಯಾಗಿ ಬಂದು ಅಲ್ಲಿ ನೆಲೆಸಿದ ಶಾಲೆ ಮೇಷ್ಟರು. ನಮ್ಮಿಬ್ಬರ ನಡುವೆ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ. ಇದ್ದ ನಾಲ್ಕು ಮಾತೂ ಅವಳ ಮೂಲಕವೇ ಹೋಗಿಬರುತ್ತಿದ್ದವು. ಅವಳು ಹೋದ ಮೇಲೆ ಒಂದೇ ಒಲೆಯ ಅನ್ನ ಉಂಡು, ಎರಡು ಊರಿನವರಂತೆ ಇದ್ದೆವು. ಹೆಂಡತಿಯೇ ಇಲ್ಲದ ಮೇಲೆ ಮಾವನ ಮನೆಯಲ್ಲಿ ನನ್ನದೇನು? ಶಾಲೆಯ ಹತ್ತಿರ ಒಂದು ಕೋಣೆ ನೋಡಿಟ್ಟು, ಒಂದು ದಿನ ಅಂಜುತ್ತಲೇ ಅವರಿಗೆ ಹೇಳಿದೆ.

ಅವರು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ. "ವರ್ಷದ ಕಾರ್ಯ ಮುಗೀಲಿ ಅಳಿಯಂದ್ರೇ. ಅವತ್ತು ಅವಳ ಪಟಕ್ಕೆ ಅವಳ ಗಿಡದ ಹೂವೇ ಏರ್ಬೇಕು, ಅಂಗಡಿ ಹೂವಲ್ಲ. ಅದೊಂದಾದ್ರೆ ನೀವು ಹೊರಡಿ, ನಾನು ತಡಿಯಲ್ಲ."

ನನಗೂ ಅದೇ ಆಸೆಯಿತ್ತು.

ಆ ವರ್ಷ ನಮ್ಮ ಮನೆಯಲ್ಲಿ ದೀಪಾವಳಿ ಇರಲಿಲ್ಲ. ಆದರೂ ಹಬ್ಬದ ಮಾರನೆಯ ದಿನ ಅಪ್ಪಾಜಯ್ಯನವರೇ ಹೋಗಿ ತಂಬಿಗೆಯನ್ನು ಬೋರಲು ಹಾಕಿದರು. ಗಿಡ ಕತ್ತರಿಸುವ ದಿನ ಅವರು ತಂದದ್ದು ತಮ್ಮ ಬಟ್ಟೆಯ ಕತ್ತರಿಯನ್ನು. ಅದರಲ್ಲಿ ಯಾರಾದರೂ ಒಂದು ಚೂರು ಕಾಗದ ಕತ್ತರಿಸಿದರೂ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದ ಮನುಷ್ಯ, ಅಂದು ಅದರ ಬಾಯಿ ಮೊಂಡಾಗುವವರೆಗೆ ಕಡ್ಡಿ ಕಡ್ಡಿಯನ್ನೂ ಕತ್ತರಿಸಿದರು. ಬೇರೆ ಕತ್ತರಿ ತರುತ್ತೇನೆಂದರೆ ಬೇಡವೆಂದು ತಲೆಯಾಡಿಸಿದರು.

ಬೋಳು ಗಿಡವನ್ನು ನನ್ನಿಂದ ನೋಡಲಾಗಲಿಲ್ಲ. ಬುಡದ ನೆಲ ಬಿರುಕು ಬಿಟ್ಟಿತ್ತು. ಒಣಗಿಯೇ ಹೋದರೆ? ಅವಳು ಬಿಟ್ಟುಹೋದ ಜೀವ ಅದೊಂದೇ ಎನಿಸಿತು. ಒಂದು ಬೆಳಿಗ್ಗೆ, ಮಾವ ಏಳುವ ಮುಂಚೆ, ಕುಡಿಯುವ ಲೋಟದಲ್ಲಿ ನೀರು ತಂದು ಬುಡಕ್ಕೆ ಹೊಯ್ದು, ಕಳ್ಳನ ಹಾಗೆ ಮೇಲೆ ಒಣಮಣ್ಣು ಸವರಿದೆ. ಒಂದು ಲೋಟ ತಾನೇ ಎಂದುಕೊಂಡೆ. ಆಮೇಲೆ ಅದು ದಿನದ ರೂಢಿಯಾಯಿತು. ತಂಬಿಗೆಯನ್ನು ಮಾತ್ರ ಮುಟ್ಟಲಿಲ್ಲ. ತಂಬಿಗೆ ಮುಟ್ಟದಿದ್ದರೆ ಅವಳ ಮಾತು ಮೀರಿದಂತಲ್ಲ ಎಂಬ ಮೇಷ್ಟರ ಬುದ್ಧಿ.

ಕಡ್ಡಿಗಳು ಚಿಗುರಿದವು. ಎಲೆಯೆಂದರೆ ಎಲೆ. ಮಾಘ ಕಳೆಯಿತು, ಫಾಲ್ಗುಣವೂ ಕಳೆಯಿತು. ಬೀದಿಯ ಬೇರೆ ಹಿತ್ತಲುಗಳಲ್ಲಿ ಮೊಗ್ಗು ಬಿರಿಯುತ್ತಿದ್ದರೂ ನಮ್ಮ ಗಿಡ ಬರೀ ಹಸುರಾಗಿ ನಿಂತಿತ್ತು. ವರ್ಷದ ಕಾರ್ಯದ ಬೆಳಿಗ್ಗೆ ಅಪ್ಪಾಜಯ್ಯ ಹೂವಿನ ಬುಟ್ಟಿ ಹಿಡಿದು ಅದರ ಮುಂದೆ ನಿಂತಿದ್ದರು. ಒಂದೊಂದು ಎಲೆಯನ್ನೂ ಸರಿಸಿ ನೋಡಿದರು. ಒಂದು ಮೊಗ್ಗೂ ಇರಲಿಲ್ಲ. ನಾನು ಅವರ ಹತ್ತಿರ ಹೋದೆ.

"ಮಾವ, ತಪ್ಪು ನನ್ನದು. ದಿನಾ ಬೆಳಿಗ್ಗೆ ನಾನು ನೀರು ಹಾಕ್ತಿದ್ದೆ."

ಅವರು ತಿರುಗಿ ನನ್ನನ್ನೇ ನೋಡಿದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

"ಬೆಳಿಗ್ಗೆನಾ?" ಎಂದರು. "ನಾನು ಮಧ್ಯಾಹ್ನ ಹಾಕ್ತಿದ್ದೆ. ನೀವು ಸ್ಕೂಲಲ್ಲಿರೋವಾಗ."

ಆಮೇಲೆ ಅವರ ಭುಜಗಳು ಅಲುಗತೊಡಗಿದವು. ನಗುತ್ತಿದ್ದಾರೆಂದುಕೊಂಡೆ, ನಗುತ್ತಲೂ ಇದ್ದರು. ಮಗಳು ಸತ್ತ ದಿನ ಕಣ್ಣು ಒದ್ದೆ ಮಾಡಿಕೊಳ್ಳದಿದ್ದ ಆ ಮುದುಕರು ಬೇಲಿಯ ಗೂಟ ಹಿಡಿದುಕೊಂಡು ಅತ್ತರು. ನನಗೂ ಅಳು ತಡೆಯಲಾಗಲಿಲ್ಲ.

ಪಟಕ್ಕೆ ಅಂಗಡಿಯ ಹೂವೇ ಏರಿತು. ಕಾರ್ಯ ಮುಗಿದು ಬಂದವರೆಲ್ಲ ಹೋದ ಮೇಲೆ ನಾನು ನನ್ನ ಟ್ರಂಕನ್ನು ಬಾಗಿಲ ಬಳಿ ತಂದಿಟ್ಟೆ.

"ಅವಳ ಹೂವು ಏರ್ಲಿಲ್ವಲ್ಲ," ಎಂದರು ಅಪ್ಪಾಜಯ್ಯ, ಟ್ರಂಕಿನ ಕಡೆ ನೋಡದೆ. "ಇನ್ನೊಂದು ಚಳಿಗಾಲ ಇದ್ದು ಹೋಗಿ. ನಾನೊಬ್ನೇ ಇದ್ರೆ ಮತ್ತೆ ನೀರು ಹಾಕ್ಬಿಡ್ತೀನಿ. ನನ್ನ ಕೈ ಹಿಡ್ಕೊಳ್ಳೋಕೆ ಒಬ್ರು ಬೇಕು."

ನಾನು ಟ್ರಂಕನ್ನು ಒಳಗಿಟ್ಟೆ.

ಮುಂದಿನ ಚೈತ್ರದಲ್ಲಿ ಗಿಡ ಬುಟ್ಟಿ ತುಂಬ ಹೂವು ಕೊಟ್ಟಿತು, ಅದು ಪಟಕ್ಕೂ ಏರಿತು. ನಾನು ಹೊರಡಲಿಲ್ಲ, ಅವರೂ ನೆನಪಿಸಲಿಲ್ಲ. ಆದರೆ ಇಂದಿಗೂ ನನ್ನ ಕಣ್ಣಿಗೆ ಕಟ್ಟುವುದು ಆ ಹೂವಲ್ಲ, ಅದಕ್ಕೆ ಮುಂಚಿನ ಪುಷ್ಯದ ಒಂದು ಬೆಳಗು. ಮನಸ್ಸು ತಡೆಯದೆ ಲೋಟ ಹಿಡಿದು ಹಿತ್ತಲಿಗೆ ಬಂದರೆ, ಅಪ್ಪಾಜಯ್ಯ ಆಗಲೇ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದರು. ಅವರ ಪಕ್ಕದಲ್ಲೂ ಒಂದು ಲೋಟ ನೀರಿತ್ತು.

"ಬಾ, ಕೂತ್ಕೊ," ಎಂದು ಸರಿದು ಜಾಗ ಕೊಟ್ಟರು. "ನಂದು ನೀನು ಕುಡಿ. ನಿಂದು ನಾನು ಕುಡೀತೀನಿ."

ಹಲ್ಲು ಜುಮ್ಮೆನ್ನುವ ಆ ತಣ್ಣೀರನ್ನು ಇಬ್ಬರೂ ಕುಡಿದು ಮುಗಿಸಿದೆವು. ಎದುರಿಗೆ ಬೋಳು ಗಿಡವಿತ್ತು, ಗೂಟದ ಮೇಲೆ ಬೋರಲು ತಂಬಿಗೆಯಿತ್ತು. ತಂಬಿಗೆಯ ಮೈಮೇಲಿನ ಇಬ್ಬನಿ ತೊಟ್ಟು ತೊಟ್ಟಾಗಿ ಬುಡದ ಒಣಮಣ್ಣಿಗೆ ಬೀಳುತ್ತಿತ್ತು. ಅಷ್ಟನ್ನು ಮಾತ್ರ ನಾವು ತಡೆಯಲಿಲ್ಲ.