ಐದು ಜನ ಅಕ್ಕಂದಿರು

ಪಿಳ್ಳಪ್ಪ ಮೇಷ್ಟ್ರು ಕಂಠೀರವ ಸ್ಟೇಡಿಯಮ್ಮಿನಲ್ಲಿ ಕೋಚ್‌ಗಳಿಗೆಂದು ನಡೆದ ತರಬೇತಿ ಮುಗಿಸಿಕೊಂಡು ಬಂದವರೇ, ಹಲಸೂರಿನ ಹೆಣ್ಣುಮಕ್ಕಳ ಕಾಲೇಜಿನ ಹಿಂದಿದ್ದ ಮಣ್ಣಿನ ಕೋರ್ಟಿನಲ್ಲಿ ಹುಡುಗಿಯರನ್ನೆಲ್ಲ ಸುತ್ತ ಕೂರಿಸಿಕೊಂಡರು. ಅದು ೧೯೯೯ರ ಜುಲೈ ತಿಂಗಳು. ವಾಲಿಬಾಲಿನ ಹೊಸ ಸೀಸನ್ನಿಗೆ ಇನ್ನೂ ಒಂದು ತಿಂಗಳಿತ್ತು.

"ನೋಡ್ರಮ್ಮಾ, ಆಟ ಬದಲಾಗೋಯ್ತು," ಅಂದರು ಮೇಷ್ಟ್ರು. ಮಿಲಿಟರಿಯಲ್ಲಿದ್ದಷ್ಟು ಕಾಲವೂ ಇದೇ ಆಟ ಆಡಿ ಬಂದವರಿಗೆ ಆ ಮಾತು ಹೇಳುವುದೇ ಕಷ್ಟವಾದಂತಿತ್ತು. "ಮೊದಲು ಸರ್ವಿಸ್ ಯಾರ್ದೋ ಅವರಿಗೆ ಮಾತ್ರ ಪಾಯಿಂಟು. ಇನ್ಮೇಲೆ ಯಾರು ತಪ್ಪು ಮಾಡಿದ್ರೂ ಎದುರಿನವರಿಗೆ ಪಾಯಿಂಟು. ಇನ್ನೊಂದು, ಲಿಬೆರೊ ಅಂತ ಒಬ್ಬಳನ್ನ ಇಟ್ಕೋಬಹುದು. ಅವಳು ಬೇರೆ ಬಣ್ಣದ ಶರ್ಟ್ ಹಾಕ್ಬೇಕು. ಹಿಂದಿನ ಸಾಲಿನಲ್ಲಿ ಮಾತ್ರ ನಿಲ್ಬೇಕು. ನೆಟ್ ಮೇಲಿಂದ ಹೊಡೆಯೋ ಹಾಗಿಲ್ಲ, ಬ್ಲಾಕ್ ಮಾಡೋ ಹಾಗಿಲ್ಲ, ಸರ್ವಿಸ್ ಮಾಡೋ ಹಾಗಿಲ್ಲ."

ಶಿವಾಜಿನಗರದ ನಸೀಮಾ, ಟೀಮಿಗೆಲ್ಲ ಚೆಂಡು ಎತ್ತಿಕೊಡುವವಳು, ಕೈಯೆತ್ತಿದಳು. "ಮತ್ತೆ ಯಾಕೆ ಬರ್ತಾಳೆ ಸರ್ ಅವಳು? ನೀರು ಕೊಡೋಕಾ?"

"ರಮ್ಮಿ ಆಡಿದ್ದೀಯೇನಮ್ಮಾ? ಅದ್ರಲ್ಲಿ ಜೋಕರ್ ಇರಲ್ವಾ, ಎಲ್ಲಿ ತೂತಿದ್ರೆ ಅಲ್ಲಿಗೆ? ಹಾಗೆ."

"ತೋಬಾ! ರಮ್ಮಿ ಅಂತ ನಮ್ಮನೇಲಿ ಅಂದ್ರೆ ಚರ್ಮ ಸುಲೀತಾರೆ ಸರ್."

ಎಲ್ಲರೂ ನಕ್ಕರು. ಹಿಂದಿನ ಗೆರೆಯ ಆಚೆ ಒಬ್ಬಳೇ ಕೂತಿದ್ದ ಗುರುದೇವಿ ನಗಲಿಲ್ಲ. ಹೊಡೆಯದ, ತಡೆಯದ, ಆದರೂ ಆಟದಲ್ಲಿರುವ ಒಬ್ಬಳು! ಹಾಗಾದರೆ ಅವಳು ಆಟದುದ್ದಕ್ಕೂ ಮಾಡುವುದೇನು ಎಂಬ ಪ್ರಶ್ನೆ ಅವಳ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು.

ಗುರುದೇವಿ ಲಿಂಗಸುಗೂರು ಕಡೆಯವಳು. ಅಪ್ಪ ಅಂಬಣ್ಣನಿಗೆ ಕಟ್ಟಡಗಳ ಗಾರೆ ಕೆಲಸ. ರಾಮಮೂರ್ತಿ ನಗರದ ಬಾಡಿಗೆ ಕೋಣೆಯಿಂದ ದಿನಾ ಬಸ್ಸು ಹತ್ತಿ ಕಾಲೇಜಿಗೆ ಬರುತ್ತಿದ್ದಳು. ಮೊದಲ ವರ್ಷ. ಮಾತು ಕಮ್ಮಿ, ನೋಟ ಜಾಸ್ತಿ. ಬಸ್ಸಿನಲ್ಲಿ ನಿಂತರೆ ಮುಂದಿನ ಸ್ಟಾಪಿನಲ್ಲಿ ಇಳಿಯುವವರು ಯಾರೆಂದು ಊಹಿಸುವುದೇ ಅವಳಿಗೆ ಆಟ. ಟಿನ್ ಫ್ಯಾಕ್ಟರಿ ಸ್ಟಾಪು ಇನ್ನೂ ದೂರ ಇರುವಾಗಲೇ ಒಬ್ಬರು ಚೀಲದ ಹಿಡಿಯನ್ನು ಸರಿಮಾಡಿಕೊಳ್ಳುತ್ತಾರೆ, ಇನ್ನೊಬ್ಬರು ಕಾಲಿನ ಹೆಬ್ಬೆರಳಿನಿಂದ ಚಪ್ಪಲಿ ಹುಡುಕುತ್ತಾರೆ. ಅವರ ಪಕ್ಕ ಹೋಗಿ ನಿಂತರೆ ಸೀಟು ಸಿಕ್ಕೇ ಸಿಗುತ್ತದೆ.

ವಾಲಿಬಾಲ್ ಅಂದರೆ ಅವಳಿಗೆ ಪ್ರಾಣ. ಊರಲ್ಲಿ ಗಂಡುಹುಡುಗರು ಆಡುವುದನ್ನು ಮಾಳಿಗೆ ಮೇಲಿಂದ ನೋಡಿ ಬೆಳೆದವಳು. ಆದರೆ ಎತ್ತರ ನೋಡಿದರೆ, ನೆಟ್ಟಿನ ಅಡಿಯಲ್ಲಿ ಸ್ವಲ್ಪ ಬಗ್ಗಿದರೆ ಆ ಕಡೆಗೆ ದಾಟಬಹುದು, ಅಷ್ಟೇ. ಟೀಮಿಗೆ ಸೇರುತ್ತೇನೆಂದು ಹೇಗೆ ಕೇಳುವುದು? ಗೆರೆಯ ಹೊರಗೆ ನಿಂತು ಸೀನಿಯರುಗಳ ಚೆಂಡು ಹೆಕ್ಕಿಕೊಡುತ್ತಿದ್ದಳು. ಮೇಷ್ಟ್ರು ಒಂದು ವಾರ ಅದನ್ನೇ ಗಮನಿಸಿದರು. ಈ ಹುಡುಗಿ ಚೆಂಡಿನ ಹಿಂದೆ ಓಡುತ್ತಲೇ ಇರಲಿಲ್ಲ. ಚೆಂಡು ಬಂದು ಬೀಳುವ ಕಡೆ ಮೊದಲೇ ನಿಂತಿರುತ್ತಿದ್ದಳು.

"ಏನಮ್ಮಾ, ನಿನ್ನ ಹೆಸರೇನು?"

"ಗುರುದೇವಿ ರೀ ಸರ್."

"ನಾಳೆಯಿಂದ ಗೆರೆ ಒಳಗೆ ನಿಂತ್ಕೋ. ನೀನೇ ಲಿಬೆರೊ."

ಆ ರಾತ್ರಿ ಅವಳು ಲೆಕ್ಕ ಹಾಕಿದಳು. ಈ ಆಟದಲ್ಲಿ ತನ್ನ ಎತ್ತರದವಳಿಗೆ ಒಂದೇ ಒಂದು ಜಾಗವಿದೆ, ಅದೂ ಈ ವರ್ಷವೇ ಹುಟ್ಟಿದ್ದು. ಅದು ತಪ್ಪಿದರೆ ಮತ್ತೆ ಮಾಳಿಗೆ ಮೇಲೆ ಕೂತು ನೋಡುವುದೇ ಗತಿ.

ಎದುರಿನವರು ಹೊಡೆದ ಚೆಂಡು ನೆಲ ಮುಟ್ಟದಂತೆ ಎತ್ತುವ ಕೆಲಸ ಅವಳಿಗೆ ಬೇಗ ಹತ್ತಿತು. ಟೀಮಿನಲ್ಲೇ ಎತ್ತರದವಳಾದ ವೈಷ್ಣವಿ ಎಷ್ಟು ಜೋರಾಗಿ ಹೊಡೆದರೂ ಮಂಡಿ ಮಣ್ಣು ಮಾಡಿಕೊಂಡು ಎತ್ತುತ್ತಿದ್ದಳು. ತೊಡಕು ಬಂದದ್ದು ಬೇರೆ ಕಡೆಯಿಂದ.

"ನೀನು ಹಿಂದೆ ನಿಂತಿರ್ತೀಯ. ಇಡೀ ಕೋರ್ಟು ಕಾಣೋದು ನಿಂಗೊಬ್ಬಳಿಗೇ," ಅಂದರು ಮೇಷ್ಟ್ರು. "ಯಾರು ತಗೋಬೇಕು, ಯಾರು ಬಿಡಬೇಕು, ಹೆಸರು ಹಿಡಿದು ಕೂಗ್ಬೇಕು."

ಕೋರ್ಟಿನಲ್ಲಿದ್ದ ಮಿಕ್ಕ ಐವರೂ ಅವಳಿಗಿಂತ ದೊಡ್ಡವರು. ಕ್ಯಾಪ್ಟನ್ ಫಿಲೋಮಿನಾ ಅಂತೂ ಕೊನೆಯ ವರ್ಷದವಳು, ಹಲಸೂರಿನಲ್ಲೇ ಹುಟ್ಟಿ ಬೆಳೆದವಳು, ಗದರಿದರೆ ಕ್ಯಾಂಟೀನಿನವರೂ ಬೆಚ್ಚುತ್ತಿದ್ದರು. ದೊಡ್ಡವರ ಹೆಸರು ಹಿಡಿದು ಕರೆಯುವುದು ಗುರುದೇವಿಯ ಮನೆಯಲ್ಲಿ ಇಲ್ಲ. ಅವಳ ನಾಲಿಗೆಗೆ ಆ ಅಭ್ಯಾಸವೇ ಇರಲಿಲ್ಲ.

ಮೊದಲ ಸಲ ಚೆಂಡು ಮೇಲೆದ್ದಾಗ ಅವಳು ಇದ್ದ ಉಸಿರೆಲ್ಲ ಸೇರಿಸಿ ಕೂಗಿದಳು. "ಅಕ್ಕಾ!"

ಐದು ಜನ ಅಕ್ಕಂದಿರೂ ತಿರುಗಿ ನೋಡಿದರು. ಚೆಂಡು ನಡುವೆ ಬಿದ್ದು ಧೂಳೆಬ್ಬಿಸಿತು.

ಎರಡನೇ ಸಲ, "ಅಕ್ಕಾರ, ನೀವು ತಗೋರಿ!" ಅಂದಳು. ಈ ಸಲ ಯಾರೂ ತಿರುಗಲಿಲ್ಲ. ನಸೀಮಾ, ವೈಷ್ಣವಿ ಇಬ್ಬರೂ ತನಗೇ ಹೇಳಿದ್ದೆಂದುಕೊಂಡು ನುಗ್ಗಿ, ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡರು.

"ಅರೆ ಅಮ್ಮೀ!" ನಸೀಮಾ ನೆತ್ತಿ ಹಿಡಿದುಕೊಂಡು ಕೂತಳು. "ಯಾವ ಅಕ್ಕ ಅಂತ ಹೇಳೇ! ದೊಡ್ಡಕ್ಕನಾ, ಚಿಕ್ಕಕ್ಕನಾ, ಪಕ್ಕದ್ಮನೆ ಅಕ್ಕನಾ?"

"ಎನ್ನಡಿ ಇದು?" ಫಿಲೋಮಿನಾ ಸೊಂಟದ ಮೇಲೆ ಕೈಯಿಟ್ಟಳು. "ನಂಗೆ ಹೆಸರಿಲ್ವಾ? ಚರ್ಚಲ್ಲಿ ನೀರು ಹಾಕಿ ಇಟ್ಟಿದ್ದಾರೆ. ಫಿಲೋಮಿನಾ. ಹೇಳು."

ಗುರುದೇವಿ ಬಾಯಿ ತೆರೆದಳು. "ಫಿಲೋಮಿನಾ..." ಅಂದು, ತಡೆಯಲಾರದೆ, "...ಅಕ್ಕಾರ," ಅಂದಳು.

"ಅಷ್ಟು ಉದ್ದ ಹೇಳೋ ಹೊತ್ತಿಗೆ ಮ್ಯಾಚೇ ಮುಗೀತದೆ!"

ಶರ್ಟಿನ ನಂಬರು ಕೂಗಲಿ ಎಂದು ವೈಷ್ಣವಿ ಸೂಚಿಸಿದಳು. ಒಂದು ದಿನ ಅದೂ ಆಯಿತು. ಯಾರದು ಯಾವ ನಂಬರೆಂದು ನೆನೆಸಿಕೊಳ್ಳುವಷ್ಟರಲ್ಲಿ ಚೆಂಡು ನೆಲ ಮುಟ್ಟಿರುತ್ತಿತ್ತು. ಅದಾದ ಮೇಲೆ ಅವಳು ಕೂಗುವುದನ್ನೇ ಬಿಟ್ಟಳು. ಯಾವ ಚೆಂಡು ಹೊರಗೆ ಹೋಗುತ್ತದೆಂದು ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿತ್ತು, ಆದರೆ ಹೇಳುವ ಬಾಯಿಗೆ ಬೀಗ.

ಬುಧವಾರ ಮೇಷ್ಟ್ರು ಅವಳೊಬ್ಬಳನ್ನೇ ಕರೆದರು. "ನೋಡಮ್ಮಾ, ಶುಕ್ರವಾರ ಕೆ.ಆರ್. ಪುರದ ಕಾಲೇಜಿನವರು ಇಲ್ಲಿಗೇ ಬಂದು ಪ್ರಾಕ್ಟೀಸ್ ಮ್ಯಾಚ್ ಆಡ್ತಾರೆ. ಅವತ್ತು ನೀನು ಕೂಗಿದ್ರೆ ಟೀಮಲ್ಲಿರ್ತೀಯ. ಇಲ್ಲಾಂದ್ರೆ ಲಿಬೆರೊನೇ ಬೇಡ, ಹಳೇ ಥರಾನೇ ಆಡ್ತೀವಿ. ನಂಗೂ ಅದೇ ರೂಢಿ. ಕಂಡಿದ್ದನ್ನ ಹೇಳದೇ ಇದ್ರೆ ನೀನು ಕಂಡು ನಮಗೇನು ಬಂತು?"

ಸಂಜೆ ಅವ್ವ ಯಂಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಗುರುದೇವಿ ಒಲೆಯ ಪಕ್ಕ ಕೂತು ಕೇಳಿದಳು. "ಯವ್ವಾ, ನೀ ಎಂದರ ಅಪ್ಪನ ಹೆಸರು ಹಿಡದು ಕರದೀ ಏನು?"

ಯಂಕಮ್ಮನ ಕೈ ನಿಂತಿತು. "ಅದ್ಯಾಕ ಬೇಕಾತು ನಿನಗ?"

"ಸುಮ್ನ ಕೇಳಿದೆ."

ಯಂಕಮ್ಮ ಬಾಗಿಲ ಕಡೆ ನೋಡಿ, ಗಂಡ ಇನ್ನೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದಳು. "ಒಮ್ಮೆ ಕರದೀನಿ. ರಾಯಚೂರ ಟೇಸನ್ನಾಗ. ನಿಮ್ಮಪ್ಪ ನೀರು ತರತೀನಂತ ಹೋದವ, ತಿರುಗಿ ಬಂದು ಬ್ಯಾರೆ ಗಾಡಿ ಹತ್ತಾಕ ಹತ್ತಿದ್ದ. ಗಾಡಿ ಸೀಟಿ ಹೊಡೀತು. 'ನೋಡ್ರಿ' ಅಂದೆ, 'ಏನ್ರಿ' ಅಂದೆ. ಆ ಗದ್ದಲದಾಗ ಎಲ್ಲಾರೂ ಏನ್ರಿನ! ಯಾವ ಗಂಡಸು ತಿರುಗಿ ನೋಡ್ತಾನ? ಆಮ್ಯಾಲ ಬಾಯಿಗೆ ಬಂದುಬಿಡ್ತು. ಹೆಸರು ಹಿಡದು ಚೀರಿಬಿಟ್ಟೆ."

"ಅಪ್ಪ ಬೈದನ?"

"ಇಲ್ಲ ಬೇ. ಓಡಿ ಬಂದು ಪಕ್ಕ ಕೂತ. ಗುಂತಕಲ್ಲು ಬಂದ ಮ್ಯಾಲ ಕೇಳಿದ, 'ನನ್ನ ಹೆಸರು ನಿನಗ ಗೊತ್ತಿತ್ತೇನು?'" ಯಂಕಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು.

ಶುಕ್ರವಾರ ಮಧ್ಯಾಹ್ನ ಕೋರ್ಟಿಗೆ ನೀರು ಚಿಮುಕಿಸಿ, ರಂಗೋಲಿ ಪುಡಿಯಿಂದ ಗೆರೆ ಎಳೆದರು. ಕೆ.ಆರ್. ಪುರದ ಹುಡುಗಿಯರು ಮೆಟಡಾರ್ ವ್ಯಾನಿನಿಂದ ಒಬ್ಬರ ಹಿಂದೊಬ್ಬರು ಇಳಿದರು. ಅವರಲ್ಲೊಬ್ಬಳು ಎಡಗೈಯವಳು, ಉದ್ದ ಜಡೆಯನ್ನು ಸುತ್ತಿ ಕಟ್ಟಿದ್ದಳು. ಮೈ ಬೆಚ್ಚಗಾಗಲೆಂದು ಹೊಡೆದ ಮೊದಲ ಹೊಡೆತಕ್ಕೇ ಚೆಂಡು ಕಾಂಪೌಂಡು ದಾಟಿ ರಸ್ತೆಗೆ ಹೋಯಿತು. "ಇವಳಿಗೆ ಏನು ತಿನ್ಸಿದ್ದಾರೆ?" ಎಂದಳು ನಸೀಮಾ.

ಗುರುದೇವಿ ಅವಳ ತೋಳನ್ನೇ ನೋಡುತ್ತಿದ್ದಳು. ಮೊಣಕೈ ಎತ್ತರದಲ್ಲಿದ್ದರೆ ಚೆಂಡು ಒಳಗೆ, ಮೊಣಕೈ ಜೋತರೆ ಚೆಂಡು ಉದ್ದ ಹೋಗಿ ಗೆರೆಯ ಹೊರಗೆ. ನೋಡುತ್ತ ನೋಡುತ್ತ ಅದು ಅವಳಿಗೆ ಬಸ್ಸಿನ ಚೀಲದಷ್ಟೇ ಸ್ಪಷ್ಟವಾಯಿತು.

ಮೊದಲ ಸೆಟ್ಟಿನಲ್ಲಿ ಅವಳು ಬಾಯಿ ಬಿಡಲಿಲ್ಲ. ಹೊರಗೆ ಹೋಗುವ ಚೆಂಡುಗಳನ್ನೆಲ್ಲ ವೈಷ್ಣವಿ ಕೈ ಚಾಚಿ ಮುಟ್ಟಿದಳು. ಮುಟ್ಟಿದ್ದೆಲ್ಲ ಎದುರಿನವರಿಗೆ ಪಾಯಿಂಟಾಯಿತು. ಸೆಟ್ಟು ಹೋಯಿತು. ಬೆಂಚಿನ ಬಳಿ ಮೇಷ್ಟ್ರು ನೀರಿನ ಬಾಟಲಿ ಕೈಗಿಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಗುರುದೇವಿಗೆ.

ಎರಡನೇ ಸೆಟ್ಟು ಸಮಸಮವಾಗಿ ಸಾಗಿತ್ತು. ಎಡಗೈಯವಳು ಹಾರಿದಳು. ಮೊಣಕೈ ಜೋತಿದ್ದು ಗುರುದೇವಿಗೆ ಕಂಡಿತು. ಚೆಂಡು ನೇರ ಫಿಲೋಮಿನಾಳ ಭುಜದ ಕಡೆಗೆ ಬರುತ್ತಿತ್ತು. ಅವಳು ಕೈ ಜೋಡಿಸುತ್ತಿದ್ದಳು.

"ಫಿಲೋಮಿನಾ, ಬಿಡು!"

ಫಿಲೋಮಿನಾಳ ಕೈ ಸರಕ್ಕನೆ ಕೆಳಗಿಳಿಯಿತು. ಚೆಂಡು ಅವಳ ಕಿವಿಯ ಪಕ್ಕ ಹಾದು, ಹಿಂದಿನ ಗೆರೆಯ ಹತ್ತಿರ ಬಾಗಿ, ರಂಗೋಲಿ ಪುಡಿಯನ್ನೇ ಹಾರಿಸಿ ಬಿತ್ತು.

ಒಳಗೆ.

ಅಂಪೈರು ಎದುರಿನವರ ಕಡೆ ಕೈ ತೋರಿಸಿದರು. ಫಿಲೋಮಿನಾ ನಿಧಾನವಾಗಿ ತಿರುಗಿದಳು.

ಬೇರೆ ಹೊತ್ತಾಗಿದ್ದರೆ ಗುರುದೇವಿ ನೆಲ ಬಿರಿಯಲಿ ಎಂದು ಬೇಡಿಕೊಳ್ಳುತ್ತಿದ್ದಳೇನೋ. ಆದರೆ ಅವಳ ಕಣ್ಣು ಕೆದರಿದ ಪುಡಿಯ ಮೇಲೇ ಇತ್ತು. ಮೊಣಕೈ ಜೋತಿತ್ತು, ಅದು ಖಂಡಿತ. ಮತ್ತೆ ಚೆಂಡು ಯಾಕೆ ಬಾಗಿತು? ತೋಳು ಒಂದು ಹೇಳಿತು, ಚೆಂಡು ಇನ್ನೊಂದು ಮಾಡಿತು. ನಡುವೆ ಏನೋ ಆಗಿದೆ. ತೋಳಿಗೂ ಚೆಂಡಿಗೂ ನಡುವೆ ಇರುವುದಾದರೂ ಏನು?

"ಏಯ್," ಅಂದಳು ಫಿಲೋಮಿನಾ.

ಗುರುದೇವಿ ತಲೆಯೆತ್ತಿದಳು.

"ನೀನು ನನ್ನ ಹೆಸರು ಹಿಡಿದು 'ಬಿಡು' ಅಂದೆ, ನಾನು ಬಿಟ್ಟೆ. ಮುಂದಿನ್ದು ನೋಡಿ ಹೇಳು." ಅಷ್ಟೇ ಹೇಳಿ ಅವಳು ಮುಂದಕ್ಕೆ ತಿರುಗಿ ಮಂಡಿ ಬಗ್ಗಿಸಿ ನಿಂತಳು.

ಮುಂದಿನ ಕೆಲವು ಚೆಂಡುಗಳನ್ನು ಗುರುದೇವಿ ಮೌನವಾಗಿಯೇ ಎತ್ತಿದಳು. ಅವಳ ಕಣ್ಣು ಮಾತ್ರ ಮೊಣಕೈ ಬಿಟ್ಟು ಮೇಲಕ್ಕೆ ಹೋಗಿತ್ತು. ಆಮೇಲೆ ಎಡಗೈಯವಳಿಗೆ ಮತ್ತೆ ಚೆಂಡು ಸಿಕ್ಕಿತು. ಮೊಣಕೈ ಜೋತಿತ್ತು. ಮಣಿಕಟ್ಟು ಬಾಗಿತು, ಅಂಗೈ ಚೆಂಡಿನ ಮೇಲಿಂದ ಕೆಳಕ್ಕೆ ಸವರಿಕೊಂಡು ಬಂತು. ಓಹೋ, ನಡುವೆ ಇರುವುದು ಇದು!

"ನಸೀಮಾ, ತಗೋ! ಒಳಗ!"

ನಸೀಮಾ ತೆಗೆದುಕೊಂಡಳು. ಆ ಪಾಯಿಂಟು ಇವರದಾಯಿತು. ಇನ್ನೊಂದು ಸಲ ಮೊಣಕೈ ಜೋತಿದ್ದರೂ ಮಣಿಕಟ್ಟು ಬಾಗದೆ ಹಲಗೆಯಂತೆ ನಿಂತಿತ್ತು. "ವೈಷ್ಣವಿ, ಬಿಡು!" ವೈಷ್ಣವಿ ಹಾವು ಕಂಡವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಚೆಂಡು ಗೆರೆ ದಾಟಿ ಗೋಡೆಗೆ ಬಡಿಯಿತು.

ಎರಡನೇ ಸೆಟ್ಟು ಇವರ ಪಾಲಾಯಿತು. ಕೊನೆಯದಾದ ಮೂರನೆಯದು ಹೋಯಿತು. ಮ್ಯಾಚು ಸೋತರೂ ಮೇಷ್ಟ್ರ ಮುಖದಲ್ಲಿ ಸೋತ ಕಳೆಯಿರಲಿಲ್ಲ. ಕೆ.ಆರ್. ಪುರದವರ ವ್ಯಾನು ಗೇಟು ದಾಟಿದ ಮೇಲೆ ಗುರುದೇವಿಯ ಹತ್ತಿರ ಬಂದು, "ಗಂಟಲು ಒಣಗಿದೆಯೇನಮ್ಮಾ? ಟೀಮಲ್ಲಿದ್ದೀಯ. ಸೋಮವಾರದಿಂದ ಇನ್ನೂ ಜೋರಾಗಿ ಕೂಗ್ಬೇಕು, ಬಿಸಿನೀರು ಕುಡಿ," ಎಂದು ಹೇಳಿ ನೆಟ್ಟಿನ ಹಗ್ಗ ಸಡಿಲಿಸಲು ಹೋದರು.

"ಸರ್, ನೆಟ್ ಬಿಚ್ಚಬೇಡಿ," ಎಂದು ಫಿಲೋಮಿನಾ ತಡೆದಳು. ಗುರುದೇವಿಯ ಮುಂದೆ ಬಂದು ನಿಂತಳು. "ಎರಡು ಸಲನೂ ಮೊಣಕೈ ಕೆಳಗೇ ಇತ್ತು, ನಾನೂ ನೋಡ್ದೆ. ನಂಗೆ ಹೇಳಿದ್ದು ಒಳಗೆ ಬಿತ್ತು, ವೈಷ್ಣವಿಗೆ ಹೇಳಿದ್ದು ಹೊರಗೆ ಹೋಯ್ತು. ನಿಂಗೆ ಹೆಂಗೆ ಗೊತ್ತಾಯ್ತು?"

ಗುರುದೇವಿ ತನ್ನ ಎಡಗೈಯನ್ನೇ ಎತ್ತಿ ಮಣಿಕಟ್ಟು ಬಾಗಿಸಿ ತೋರಿಸಿದಳು. "ಹಿಂಗ ಸವರಿದ್ರ ಬಾಗತದ. ಹಿಂಗ ಬಡದ್ರ ಉದ್ದ ಹೋಗತದ." ಎಲ್ಲರೂ ಗಾಳಿಯಲ್ಲಿ ಕೈ ಬೀಸಿ ನೋಡಿಕೊಂಡರು. ನಸೀಮಾ ಬೀಸಿದ ಕೈ ವೈಷ್ಣವಿಯ ಮೂಗಿಗೆ ತಗುಲಿ ಅವರಿಬ್ಬರ ಜಗಳ ಬೇರೆ ಶುರುವಾಯಿತು.

ಗುರುದೇವಿಗೆ ಇನ್ನೊಂದು ಸಂಶಯ ಬಂದಿತ್ತು. ಒಂದು ತಿಂಗಳಲ್ಲಿ ಈ ಕೋರ್ಟಿನಲ್ಲಿ ಅವಳಾಗಿಯೇ ಯಾರನ್ನೂ ಏನನ್ನೂ ಕೇಳಿದ್ದಿಲ್ಲ. "ಬಡೀತೀನಿ ಅಂತ ಮಣಿಕಟ್ಟು ಸೆಟೆಸಿ, ಕಡೀಗೆ ಸವರಾಕ ಆಗತದೇನು? ನೋಡೋರಿಗೆ ಮೋಸ ಮಾಡಾಕ?"

ಫಿಲೋಮಿನಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಗೊತ್ತಿಲ್ವೇ. ಯಾರೂ ಕೇಳಿಲ್ಲ ಇಷ್ಟು ದಿನ." ಚೆಂಡನ್ನು ನಸೀಮಾಳ ಕಡೆ ಎಸೆದಳು. "ನೀನು ಎತ್ತು, ನಾನು ಹೊಡೀತೀನಿ. ಏಯ್, ನೀನು ಆ ಕಡೆ ಹೋಗಿ ನಿಂತು ನೋಡು."

ಗುರುದೇವಿ ನೆಟ್ಟಿನ ಅಡಿಯಿಂದ ನುಸುಳಿ ಆ ಕಡೆಗೆ ಓಡಿದಳು.