ದಾನೇಶ್ವರಿಯ ಗಾಡಿಗೆ ಡಿಫರೆನ್ಶಿಯಲ್

ಶ್ರಾವಣಕ್ಕೆ ಇನ್ನು ಮೂರೇ ದಿನ ಉಳಿದಿತ್ತು. ದಾನೇಶ್ವರಿ ಮಾತ್ರ ಹಿಡಿದ ಹಟ ಬಿಟ್ಟಿರಲಿಲ್ಲ.

"ಈ ವರ್ಷ ನನ್ನನ್ನ ಕುರ್ಚಿ ಸಮೇತ ಎತ್ತಿ ಮಠದೊಳಗ ಒಯ್ಯಂಗಿಲ್ಲ. ನಾನ ಗಾಡಿ ನಡಸ್ಕೊಂಡು ಬಂದ್ರ ಪುರಾಣ. ಇಲ್ಲಂದ್ರ ಬ್ಯಾರೆಯವರನ್ನ ನೋಡ್ಕೋರಿ."

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲೊಂದು ಹಳೆಯ ಮಠ. ಬೀದರ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದವರು ಶ್ರಾವಣದಲ್ಲಿ ಅಲ್ಲಿ ಕೂಡುತ್ತಾರೆ. ಹನ್ನೆರಡು ವರ್ಷದಿಂದ ಪುರಾಣ ಓದುವುದು ದಾನೇಶ್ವರಿಯೇ. ಮೂರನೆಯ ವಯಸ್ಸಿನಲ್ಲಿ ಪೋಲಿಯೊ ಎರಡೂ ಕಾಲು ಕಸಿದುಕೊಂಡಿತ್ತು, ದನಿಯ ತಂಟೆಗೆ ಹೋಗಿರಲಿಲ್ಲ. ಷಟ್ಪದಿಯ ಮೂರನೆಯ ಸಾಲನ್ನು ಅವಳು ಎಳೆದು ಹಾಡಿದಳೆಂದರೆ ಹಿಂದೆ ಕೂತು ಪಿಸುಗುಟ್ಟುವವರೂ ಬಾಯಿ ಮುಚ್ಚುತ್ತಿದ್ದರು. ಓಣಿಯ ಬಾಯಿಗೆ ಆಟೋ ನಿಂತರೆ ನಾಲ್ಕು ಜನ ಅವಳ ಕುರ್ಚಿ ಎತ್ತಿಕೊಂಡು ಒಳಗೆ ತರುವುದು ರೂಢಿ. ಹೋದ ವರ್ಷ ಎತ್ತುವವರಲ್ಲೊಬ್ಬ, "ಹಗೂರ ರೀ, ಸಾಮಾನು ಐತಿ" ಎಂದು ನಗೆಯಾಡಿದ್ದ. ಎಲ್ಲರ ಜೊತೆ ಅವಳೂ ನಕ್ಕಿದ್ದಳು. ಮನೆಗೆ ಬಂದ ಮೇಲೆ ಅಣ್ಣನನ್ನು ಕರೆದು, "ನನಗೊಂದು ಗಾಡಿ ಮಾಡಿಕೊಡು" ಅಂದಿದ್ದಳು.

ಅಣ್ಣ ಕಾಶಿನಾಥನಿಗೆ ಕೂಕಟ್‌ಪಲ್ಲಿಯ ಒಳಗಲ್ಲಿಯೊಂದರಲ್ಲಿ ಕಬ್ಬಿಣ ಕಡೆಯುವ ಲೇಥ್ ಇತ್ತು. ಮಾತು ಕಮ್ಮಿ, ಕಿವಿ ಚುರುಕು. ತಂಗಿಯ ಓದು ಕೇಳುತ್ತ ಕೇಳುತ್ತ ನಡುವಯಸ್ಸು ದಾಟಿದ್ದ. ಆ ಓದು ನಿಂತುಹೋದರೆ ಶ್ರಾವಣಕ್ಕೆ ಅರ್ಥವೇ ಇಲ್ಲವೆಂದು ಅವನಿಗೆ ಅನ್ನಿಸುತ್ತಿತ್ತು. ಆದರೆ ಗಾಡಿ ಆಗುತ್ತದೆಯೋ ಇಲ್ಲವೋ ಎಂಬ ಅನುಮಾನ ಒಂದು ದಿನವೂ ಬಂದಿರಲಿಲ್ಲ.

ಮೋಟರ್‌ಸೈಕಲ್ಲಿನ ಎಂಜಿನ್ನು, ನಾಲ್ಕು ಸಣ್ಣ ಚಕ್ರ, ಎಲ್ಲವನ್ನೂ ಕೈಯಲ್ಲೇ ನಡೆಸುವ ಹಿಡಿಕೆಗಳು. ಮೊದಲ ಸಲ ಹಿಂದಿನ ಎರಡೂ ಚಕ್ರಗಳನ್ನು ಒಂದೇ ಕಂಬಿಗೆ ಬಿಗಿದು, ಆ ಕಂಬಿಗೆ ಎಂಜಿನ್ನಿನಿಂದ ಚೈನ್ ಕೊಟ್ಟಿದ್ದ. ನೆಟ್ಟಗೆ ಬಾಣದಂತೆ ಹೋಯಿತು. ತಿರುವು ಬಂದಾಗ ಒಳಗಿನ ಚಕ್ರ ಕಡಿಮೆ ಓಡಬೇಕು, ಹೊರಗಿನದು ಹೆಚ್ಚು. ಒಂದೇ ಕಂಬಿಯಲ್ಲಿ ಸಿಕ್ಕಿಬಿದ್ದ ಅವೆರಡೂ ಜಗಳಕ್ಕೆ ನಿಂತು ಗಾಡಿಯನ್ನು ಮತ್ತೆ ನೆಟ್ಟಗೇ ನೂಕಿದವು. ಸ್ಟೇರಿಂಗ್ ಎಳೆದೂ ಎಳೆದೂ ದಾನೇಶ್ವರಿಯ ರಟ್ಟೆ ಬಿದ್ದುಹೋಯಿತು.

"ಅಣ್ಣಾ, ಇದಕ್ಕ ಗಾಡಿ ಅಂತಾರೇನು? ಕೆರಿಗೆ ಇಳಿದ ಎಮ್ಮಿ ಇದು!"

ಹಾಗಾಗಿ ಎರಡು ಚಕ್ರಗಳನ್ನೂ ಅವವುಗಳ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ಲೇ ಬೇಕಾಯಿತು. ಗುಜರಿಯಲ್ಲಿ ಸಣ್ಣ ಕಾರೊಂದರದ್ದು ಸಿಕ್ಕಿತು. ಅದರ ದೊಡ್ಡ ಹಲ್ಲುಚಕ್ರವನ್ನು ಬಿಚ್ಚಿ, ಅದು ಕೂತಿದ್ದ ಜಾಗಕ್ಕೇ ಚೈನ್ ಹಿಡಿಯುವ ಸ್ಪ್ರಾಕೆಟ್ ಕೂಡುವಂತೆ ಕಾಶಿನಾಥ ಲೇಥಿನಲ್ಲಿ ಕಡೆದ. ಅವನ ಪಾಲುದಾರ ಅಮರಯ್ಯ, ಹುಟ್ಟಿನಿಂದ ಜಂಗಮ, ಕಸುಬಿನಿಂದ ವೆಲ್ಡಿಂಗ್ ಕೈಯವನು, ಎರಡು ಬೇರಿಂಗಿಗೆ ಗಟ್ಟಿ ಆಸರೆ ಬೆಸೆದ. ಜ್ಯಾಕ್ ಮೇಲೆ ಎತ್ತಿ, ಸ್ಪ್ರಾಕೆಟ್ ಹಿಡಿದು ನಿಲ್ಲಿಸಿ ಎಡಚಕ್ರವನ್ನು ಮುಂದೆ ತಿರುಗಿಸಿದರೆ ಬಲಚಕ್ರ ಹಿಂದೆ ತಿರುಗಿತು. "ಬರೋಬ್ಬರಿ!" ಅಂದ ಅಮರಯ್ಯ.

ಆದರೆ ಶ್ರಾವಣಕ್ಕೆ ಮೂರು ದಿನವಿದ್ದ ಆ ಭಾನುವಾರ ಬೆಳಿಗ್ಗೆ ದಾನೇಶ್ವರಿ ಕೂತು ಗಲ್ಲಿಯ ಮೂಲೆ ತಿರುಗಿಸಿದಾಗ ಸ್ಟೇರಿಂಗ್ ಬೆಣ್ಣೆಯಂತೆ ತಿರುಗಿತು, ಚೈನ್ ಮಾತ್ರ ಕಟಾರನೆ ಹಾರಿ ಕೆಳಗೆ ಬಿತ್ತು. ಮತ್ತೆ ಹಾಕಿದರು, ಮತ್ತೆ ಬಿತ್ತು.

"ನನ್ನ ವೆಲ್ಡಿಂಗ್ ನೂಲು ಹಿಡಿದು ನೋಡೀನಿ, ಸೀದಾ ಐತಿ," ಅಂದ ಅಮರಯ್ಯ. "ನಿನ್ನ ಲೇಥ್‌ಗೆ ವಯಸ್ಸಾತು ಕಾಶಿ."

"ಲೇಥ್ ಸುಳ್ಳು ಹೇಳಂಗಿಲ್ರಿ ಅಯ್ನೋರ."

"ಮತ್ತ ಯಾರು ಹೇಳಾಕತ್ತಾರ? ನಾನೇನು?"

"ಇಬ್ಬರೂ ಸುಮ್ನಿರ್ರಿ," ಗಾಡಿಯಲ್ಲಿ ಕೂತೇ ದಾನೇಶ್ವರಿ ಅಂದಳು. "ಅಣ್ಣ ಮೊದಲು ಅದರ ಸದ್ದು ಕೇಳಲಿ."

ಚೈನ್ ಮತ್ತೆ ಏರಿಸಿ, ಗಾಡಿಯ ಹಿಂಬದಿಯನ್ನು ಜ್ಯಾಕ್ ಮೇಲೆ ಎತ್ತಿದರು. ಕಾಶಿನಾಥ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿದ. ಅಮರಯ್ಯ ಸ್ಪ್ರಾಕೆಟ್ಟನ್ನು ನಿಧಾನ ತಿರುವಿದ. ಸರ್ರನೆ ಹೋಗುವ ಸದ್ದು, ನಡುವೆ ಒಂದು ಬಿಗಿತ, ಒಂದು 'ಟಕ್', ಮತ್ತೆ ಸರ್ರನೆ. ಪದ್ಯದಲ್ಲಿ ಎಳೆತ ಎಲ್ಲಿ ಬರುತ್ತದೆಂದು ಕಾಯುವ ಕಿವಿ ಅದು. ಸ್ಪ್ರಾಕೆಟ್ಟಿನ ಮೇಲೆ ಬಳಪದ ಗುರುತೊಂದು, ಚೈನಿನ ಕೊಂಡಿಯ ಮೇಲೆ ಇನ್ನೊಂದು ಹಾಕಿ ಮತ್ತೆ ತಿರುಗಿಸಲು ಹೇಳಿದ. ಚೈನಿನ ಗುರುತು ಎಲ್ಲೆಲ್ಲೋ ಹೋಯಿತು. ಸ್ಪ್ರಾಕೆಟ್ಟಿನ ಗುರುತು ಮೇಲೆ ಬಂದಾಗಲೆಲ್ಲ 'ಟಕ್'.

"ಚೈನ್ ಚಲೋ ಐತಿ, ಬೇರಿಂಗೂ ಚಲೋ ಐತಿ. ಸ್ಪ್ರಾಕೆಟ್ ವಾರೆ ಕುಂತೈತಿ. ಬಿಚ್ರಿ."

ಆರು ಬೋಲ್ಟು ಬಿಚ್ಚಿ ಸ್ಪ್ರಾಕೆಟ್ ಎಳೆದರು. ಅದು ಕೂತಿದ್ದ ಹೊಳೆಯುವ ಮುಖದ ಒಂದು ಬದಿಗೆ ಮೂರು ಬಿಳಿ ಪಟ್ಟೆ, ಗಾರೆಯ ಹಾಗೆ ಒಣಗಿ ಕಚ್ಚಿಕೊಂಡಿದ್ದವು. ವಿಭೂತಿ!

ಅಮರಯ್ಯ ಸ್ಪ್ರಾಕೆಟ್ ನೋಡಿದ, ಕಾಶಿನಾಥನ ಹಣೆಯ ಮೇಲಿನ ಅಂಥವೇ ಮೂರು ಪಟ್ಟೆ ನೋಡಿದ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

ಮುಚ್ಚಿಹೋಗುವ ಭಾಗಕ್ಕೆ ವಿಭೂತಿ ಹಚ್ಚದೆ ಕಾಶಿನಾಥ ಯಾವ ಯಂತ್ರವನ್ನೂ ಮುಚ್ಚಿದವನಲ್ಲ. ಹೊರಗಿನದನ್ನು ಗಿರಾಕಿ ನೋಡಿಕೊಳ್ಳುತ್ತಾನೆ, ಒಳಗಿನದನ್ನು ನೋಡುವವನು ಶಿವನೊಬ್ಬನೇ ಎಂಬುದು ಅವನ ಲೆಕ್ಕ. ಬೇರೆಯವರ ಯಂತ್ರಕ್ಕಾದರೆ ಒಳಗೋಡೆಗೆ ಬೆರಳು ತಾಗಿಸಿ ಬಿಡುತ್ತಿದ್ದ. ಇದು ತಂಗಿಯ ಗಾಡಿ ಅಂತ, ಅಮರಯ್ಯ ಚಹಾಕ್ಕೆ ಹೋದಾಗ, ಒದ್ದೆ ವಿಭೂತಿಯನ್ನು ಸ್ಪ್ರಾಕೆಟ್ ಕೂಡುವ ಮುಖಕ್ಕೇ ಮೂರು ಬೆರಳಲ್ಲಿ ದಪ್ಪಗೆ ಎಳೆದು, ಮೇಲೆ ಬೋಲ್ಟ್ ಬಿಗಿದಿದ್ದ. ಕೂದಲೆಳೆಯಷ್ಟು ದಪ್ಪ. ಅಷ್ಟಕ್ಕೇ ಅಗಲವಾದ ಸ್ಪ್ರಾಕೆಟ್ಟಿನ ಅಂಚು ಸುತ್ತಿಗೊಮ್ಮೆ ಪಕ್ಕಕ್ಕೆ ವಾಲುತ್ತಿತ್ತು.

"ಏನಾತಣ್ಣಾ?" ದಾನೇಶ್ವರಿ ಕೂಗಿದಳು.

ತುಕ್ಕು ಹಿಡಿದಿತ್ತು ಅಂದುಬಿಡಬಹುದಿತ್ತು. ಕಾಶಿನಾಥ ಅನ್ನಲಿಲ್ಲ. "ನಂದ ತಪ್ಪವ್ವ. ಹಚ್ಚಬಾರದ ಜಾಗಾಕ್ಕ ವಿಭೂತಿ ಹಚ್ಚೀನಿ."

"ಅಯ್ಯ ನನ್ನಪ್ಪಾ! ಶಿವಗ ಕೂಡಾಕ ಬ್ಯಾರೆ ಜಾಗಾ ಇದ್ದಿಲ್ಲೇನು? ಪಾಪ, ಆರು ಬೋಲ್ಟಿನ ನಡುವ ಹಾಕಿ ಅಮುಕಿಬಿಟ್ಟಿ!"

"ಜಂಗಮನ ಕೇಳದ ಪೂಜಿ ಮಾಡಿದ್ರ ಹಿಂಗ ಆಗೋದು," ಎಂದು ಅಮರಯ್ಯ ಮೀಸೆ ತಿರುವಿದ.

ಕಾಶಿನಾಥ ಹಣೆಯ ಬೆವರು ಒರೆಸಿಕೊಂಡ. ಸಂಕೋಚವಾಯಿತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎರಡೂ ಮುಖ ತಿಕ್ಕಿ, ಉಗುರಿನಿಂದ ತಡವಿ ನೋಡಿ, ಎದುರುಬದುರು ಬೋಲ್ಟುಗಳನ್ನು ಸರದಿಯಂತೆ ಬಿಗಿದ. ಮತ್ತೆ ಕಿವಿಗೊಟ್ಟ. ಸುತ್ತಿಗೆ ಸುತ್ತು ಒಂದೇ ಸಮ ಸದ್ದು. ಸಂಜೆಯೊಳಗೆ ದಾನೇಶ್ವರಿ ಆ ಮೂಲೆಯನ್ನು ಇಪ್ಪತ್ತು ಸಲ ತಿರುಗಿದಳು. ಚೈನ್ ಬೀಳಲಿಲ್ಲ.

ಶ್ರಾವಣದ ಮೊದಲ ದಿನ ಗಾಡಿಯನ್ನು ಟೆಂಪೋದಲ್ಲಿ ಕಾಚಿಗೂಡದ ಓಣಿಯ ಬಾಯಿಗೆ ತಂದು ಇಳಿಸಿದರು. ರೂಢಿಯಂತೆ ನಾಲ್ವರು ಅಂಗಿಯ ತೋಳು ಮಡಚಿಕೊಂಡು ಎತ್ತಲು ಬಂದರು.

"ಹಿಂದ ಸರೀರಿ," ಅಂದಳು ದಾನೇಶ್ವರಿ. "ಸಾಮಾನು ತಾನ ಬರತೈತಿ."

ಮಠದ ಬಾಗಿಲಿಗೆ ಹೋಗಲು ಓಣಿ ಗಕ್ಕನೆ ಬಲಕ್ಕೆ ಹೊರಳುತ್ತದೆ. ಅವಳು ಒಂದೇ ಕೈಯಲ್ಲಿ ಸ್ಟೇರಿಂಗ್ ಎಳೆದಳು. ಒಳಗಿನ ಚಕ್ರ ಹೆಚ್ಚುಕಡಿಮೆ ನಿಂತಲ್ಲೇ ನಿಂತು, ಹೊರಗಿನದು ಸುತ್ತಿಬಂದು, ಗಾಡಿ ಒಂದಿಷ್ಟೂ ಗೊಣಗದೆ ಹೊರಳಿತು. ಹಿಂದೆ ಕಾಶಿನಾಥ ಬರಿಗೈಯಲ್ಲಿ ನಡೆದುಬಂದ. ಎತ್ತಿನ ಬಂಡಿ ಹಾಯುತ್ತಿದ್ದ ಅಗಲ ಬಾಗಿಲು ದಾಟಿ, ಅಂಗಳದಲ್ಲಿ ಓದುವ ಪೀಠದ ಮಗ್ಗುಲಿಗೆ ತಂದು ಅವಳು ಎಂಜಿನ್ ಆರಿಸಿದಳು.

ಮಠದ ಹಿರಿಯಾಕೆ ಗುರುಬಾಯಿ ಗದ್ದಕ್ಕೆ ಕೈಯಿಟ್ಟಳು. "ಇಳೀವಲ್ಲಿ ಯಾಕವ್ವ? ಗಾಡ್ಯಾಗ ಕುಂತು ಪುರಾಣ ಓದ್ತಾರೇನು?"

"ಎತ್ತಿ ತಂದು ಇಟ್ಟಾಗ ಓದೀನಿ. ನಾನ ಬಂದಾಗ ಓದಬಾರದೇನ್ರಿ?"

ಗುರುಬಾಯಿ ಒಂದು ಗಳಿಗೆ ಗಾಡಿಯನ್ನು, ಒಂದು ಗಳಿಗೆ ಅವಳನ್ನು ನೋಡಿದಳು. ಆಮೇಲೆ ಪೀಠದ ಮೇಲಿದ್ದ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ತಂದು ದಾನೇಶ್ವರಿಯ ತೊಡೆಯ ಮೇಲಿಟ್ಟಳು.